ಕೀರ್ಕೆಗಾರ್ಡ್ ಓದೋಣ, ಸರಿ. ಆದರೆ ಯಾರ ಜೊತೆ?

ಡೆನ್ಮಾರ್ಕಿನ ತತ್ವಜ್ಞಾನಿ ಸೋರನ್ ಕೀರ್ಕೆಗಾರ್ಡ್‌ನನ್ನು ಓದಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವುದು ಅವನಲ್ಲ, ಅವನ ಸುತ್ತ ನೆರೆದಿರುವ ವಿದ್ವಾಂಸರ ದೊಡ್ಡ ಗುಂಪು. ಒಂದೇ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಐದಾರು ಅನುವಾದ. ಡೈರಿಗಳಿಗೆ ಎರಡು ದೊಡ್ಡ ಆವೃತ್ತಿ, ಎರಡಕ್ಕೂ ಬೇರೆ ಬೇರೆ ನಂಬರು. ಒಬ್ಬರು "ಕೀರ್ಕೆಗಾರ್ಡ್ ಹೀಗೆ ಹೇಳುತ್ತಾನೆ" ಎಂದು ಬರೆದರೆ, ಪಕ್ಕದವರು "ಅದು ಅವನ ಮಾತೇ ಅಲ್ಲ" ಎಂದು ತಗಾದೆ ತೆಗೆಯುತ್ತಾರೆ. ಹೊಸಬರು ಇಲ್ಲೇ ಸುಸ್ತಾಗುತ್ತಾರೆ.

ಈ ಗುಂಪಿನಲ್ಲಿ ಮುಖ್ಯವಾಗಿ ನಾಲ್ಕು ದಾರಿ ಕಾಣುತ್ತವೆ. ಕೋಪನ್‌ಹೇಗನ್ನಿನ ಪಠ್ಯ ಸಂಪಾದಕರದ್ದು ಒಂದು. ಅಮೆರಿಕದ ಮಿನ್ನೆಸೋಟದಲ್ಲಿ ಬೆಳೆದ ಅನುವಾದಕರ ಪರಂಪರೆಯದ್ದು ಇನ್ನೊಂದು. ಅವನನ್ನು ಸಾಹಿತ್ಯವಾಗಿ ಓದುವವರು, ತತ್ವಶಾಸ್ತ್ರದ ವಾದವಾಗಿ ಓದುವವರು ಉಳಿದ ಎರಡು. ಇವರೆಲ್ಲ ಕಚ್ಚಾಡುವ ಪಕ್ಷಗಳೇನೂ ಅಲ್ಲ. ಒಬ್ಬರ ಸಮ್ಮೇಳನಕ್ಕೆ ಇನ್ನೊಬ್ಬರು ಹೋಗುತ್ತಾರೆ, ಒಬ್ಬರ ಸಂಪುಟದಲ್ಲಿ ಇನ್ನೊಬ್ಬರು ಬರೆಯುತ್ತಾರೆ. ಎರಡು ದಾರಿಯಲ್ಲಿ ಕಾಲಿಟ್ಟವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದೇ ಪುಟವನ್ನು ಮುಂದಿಟ್ಟರೆ ನಾಲ್ಕು ಕಡೆಯಿಂದ ನಾಲ್ಕು ಪ್ರಶ್ನೆ ಬರುತ್ತವೆ. ನಿಮ್ಮ ಮನಸ್ಸಿನಲ್ಲಿ ಇರುವುದು ಯಾವ ಪ್ರಶ್ನೆ ಎನ್ನುವುದನ್ನು ನೋಡಿಕೊಂಡು ಜೊತೆಗಾರರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಯಾರ ಹೆಸರು ದೊಡ್ಡದು ಎಂದು ನೋಡಿ ಹೋದರೆ ದುಡ್ಡೂ ಹೋಗುತ್ತದೆ, ಆಸಕ್ತಿಯೂ ಹೋಗುತ್ತದೆ.

ಅವನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹುಟ್ಟಿದ್ದು 1813ರ ಮೇ 5, ತೀರಿಕೊಂಡದ್ದು 1855ರ ನವೆಂಬರ್ 11. ಬದುಕಿದ್ದು ಬರೀ 42 ವರ್ಷ, ಅದೂ ಹೆಚ್ಚುಕಮ್ಮಿ ಪೂರ್ತಿ ಕೋಪನ್‌ಹೇಗನ್ನಿನಲ್ಲೇ. ರೆಗೀನ ಓಲ್ಸನ್ ಎಂಬ ಹುಡುಗಿಯ ಜೊತೆ ನಿಶ್ಚಯವಾಗಿದ್ದ ಮದುವೆಯನ್ನು 1841ರಲ್ಲಿ ತಾನೇ ಮುರಿದುಕೊಂಡ. ಆಮೇಲೆ ಬರೆದದ್ದೇ ಬರೆದದ್ದು. ಕೆಲವು ಪುಸ್ತಕ ಸ್ವಂತ ಹೆಸರಿನಲ್ಲಿ, ಕೆಲವು ಕಲ್ಪಿತ ಲೇಖಕರ ಹೆಸರಿನಲ್ಲಿ. ಕೊನೆಯ ವರ್ಷ ಡೆನ್ಮಾರ್ಕಿನ ಸರ್ಕಾರಿ ಚರ್ಚಿನ ಮೇಲೆ ಬಿದ್ದ. ನಮ್ಮಲ್ಲಿ ನವ್ಯದ ಕಾಲದಲ್ಲಿ ಅಸ್ತಿತ್ವವಾದ ಎಂಬ ಮಾತು ಜೋರಾಗಿ ಓಡಾಡಿತಲ್ಲ, ಆ ವಂಶಾವಳಿಯ ಮೊದಲ ಹೆಸರು ಅಂತ ಸಾಮಾನ್ಯವಾಗಿ ಹೇಳುವುದು ಇವನನ್ನೇ.

ವಿದ್ವಾಂಸರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಇದನ್ನೂ ಹೇಳಿಬಿಡಬೇಕು. ತಾನು ಬಿಟ್ಟುಹೋಗುವ ಆಸ್ತಿ ಕೊನೆಗೆ ಪ್ರೊಫೆಸರನ ಪಾಲಾಗುತ್ತದೆ ಎಂದು ಡೈರಿಯಲ್ಲಿ ಗೊಣಗಿದ್ದಾನೆ. ಅಷ್ಟೇ ಅಲ್ಲ, ಪ್ರೊಫೆಸರ್ ಈ ಗೊಣಗಾಟವನ್ನು ಓದಿದರೂ ಅವನಿಗೆ ಚುಚ್ಚುವುದಿಲ್ಲ, ಇದರ ಮೇಲೂ ಒಂದು ಲೆಕ್ಚರ್ ಕೊಡುತ್ತಾನೆ ಅಂತಲೂ ಸೇರಿಸಿದ್ದಾನೆ. ಹಾಗೇ ಆಗಿದೆ. ಈ ಸಾಲುಗಳನ್ನು ಎತ್ತಿ ಹೇಳದ ಕೀರ್ಕೆಗಾರ್ಡ್ ಪ್ರೊಫೆಸರ್ ಸಿಗುವುದು ಕಷ್ಟ.

ಒಂದು ಪುಟ ಇಟ್ಟುಕೊಂಡು ನೋಡೋಣ

'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' 1843ರ ಅಕ್ಟೋಬರ್ 16ರಂದು ಹೊರಬಂತು. ಮುಖಪುಟದಲ್ಲಿ ಕೀರ್ಕೆಗಾರ್ಡ್ ಹೆಸರಿಲ್ಲ. ಅಲ್ಲಿರುವ ಹೆಸರು ಯೋಹಾನೆಸ್ ಡೆ ಸಿಲೆನ್ಷಿಯೊ, ಅಂದರೆ ಮೌನದ ಯೋಹಾನ. ವಿಷಯ ಬೈಬಲಿನ ಆದಿಕಾಂಡದ 22ನೇ ಅಧ್ಯಾಯ: ದೇವರ ಅಪ್ಪಣೆಯಂತೆ ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಮೊರೀಯ ಬೆಟ್ಟಕ್ಕೆ ಹೊರಡುವ ಕಥೆ. ಪುಸ್ತಕದ ಶುರುವಿನಲ್ಲೇ ಈ ಕಥೆಯನ್ನು ನಾಲ್ಕು ಸಲ, ನಾಲ್ಕು ಥರ ಹೇಳಲಾಗಿದೆ.

ಮೊದಲನೆಯದರಲ್ಲಿ ಅಬ್ರಹಾಮನ ಮುಖ ಇದ್ದಕ್ಕಿದ್ದಂತೆ ಕ್ರೂರವಾಗುತ್ತದೆ. ಮಗನನ್ನು ಹಿಡಿದು ನೆಲಕ್ಕೆ ಕೆಡವುತ್ತಾನೆ. ಇದು ದೇವರ ಆಜ್ಞೆ ಅಲ್ಲ, ನನ್ನದೇ ಆಸೆ ಎನ್ನುತ್ತಾನೆ. ಇಸಾಕ ನಡುಗಿ ದೇವರಿಗೆ ಮೊರೆಯಿಡುತ್ತಾನೆ. ಅಬ್ರಹಾಮನಿಗೆ ಬೇಕಾದದ್ದೂ ಅದೇ. ಮಗ ತನ್ನನ್ನು ರಾಕ್ಷಸ ಅಂದುಕೊಂಡರೂ ಚಿಂತೆಯಿಲ್ಲ, ದೇವರ ಮೇಲಿನ ನಂಬಿಕೆ ಹೋಗಬಾರದು. ಇದಾದ ತಕ್ಷಣ, ಸಂಬಂಧವೇ ಇಲ್ಲದಂತೆ, ಒಂದು ಸಣ್ಣ ಪ್ಯಾರಾ: ಮಗುವಿಗೆ ಹಾಲು ಬಿಡಿಸುವ ಕಾಲ ಬಂದಾಗ ತಾಯಿ ಮೊಲೆಗೆ ಕಪ್ಪು ಬಳಿದುಕೊಳ್ಳುತ್ತಾಳೆ. ಮಗು ಮೊಲೆ ಬದಲಾಯಿತು ಅಂದುಕೊಳ್ಳಲಿ, ತಾಯಿ ಬದಲಾಗಿಲ್ಲ.

ನಮ್ಮ ಮನೆಗಳಲ್ಲಿ ಬೇವು ಅರೆದು ಹಚ್ಚುವುದನ್ನು ನೋಡಿದವರಿಗೆ ಈ ಪ್ಯಾರಾಕ್ಕೆ ಟಿಪ್ಪಣಿ ಬೇಡ. ಆದರೆ ಈ ತಾಯಿ ಇಲ್ಲಿಗೆ ಯಾಕೆ ಬಂದಳು? ಲೇಖಕ ಹೇಳುವುದಿಲ್ಲ. ಉಳಿದ ಮೂರು ಕಥೆಗಳ ಕೊನೆಯಲ್ಲೂ ಅವಳು ಬರುತ್ತಾಳೆ. ಒಮ್ಮೆ ಮೊಲೆ ಮರೆಮಾಡುತ್ತಾಳೆ, ಒಮ್ಮೆ ಮಗುವಿನಿಂದ ದೂರವಾಗುವುದಕ್ಕೆ ತಾನೂ ದುಃಖಪಡುತ್ತಾಳೆ, ಕೊನೆಗೆ ಗಟ್ಟಿ ಆಹಾರ ಸಿದ್ಧ ಮಾಡಿಟ್ಟುಕೊಂಡಿರುತ್ತಾಳೆ. ಈ ಒಂದು ಪುಟವನ್ನು ನಾಲ್ಕೂ ಕಡೆಯವರ ಮುಂದಿಟ್ಟರೆ ಅವರವರ ಗುಣ ಚೆನ್ನಾಗಿ ಬಯಲಾಗುತ್ತದೆ.

ಕೋಪನ್‌ಹೇಗನ್: ಮೊದಲು ಕಾಗದ ತೋರಿಸಿ

ಕೋಪನ್‌ಹೇಗನ್ನಿನ ಸೋರನ್ ಕೀರ್ಕೆಗಾರ್ಡ್ ಸಂಶೋಧನಾ ಕೇಂದ್ರ ಶುರುವಾದದ್ದು 1994ರಲ್ಲಿ. ನೀಲ್ಸ್ ಯೋರ್ಗನ್ ಕಾಪೆಲೋರ್ನ್ ಮೊದಲ ನಿರ್ದೇಶಕರು. ಈಗ ಅದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರ ವಿಭಾಗದ ಒಳಗಿದೆ. ಇವರ ದೊಡ್ಡ ಕೆಲಸ 'ಸೋರನ್ ಕೀರ್ಕೆಗಾರ್ಡ್ಸ್ ಸ್ಕ್ರಿಫ್ಟರ್' ಎಂಬ ಡ್ಯಾನಿಶ್ ಆವೃತ್ತಿ. 28 ಸಂಪುಟ ಮೂಲಪಠ್ಯ, 27 ಸಂಪುಟ ವಿವರಣೆ, ಒಟ್ಟು 55. ಮೊದಲ ಸಂಪುಟಗಳು 1997ರಲ್ಲಿ ಬಂದವು. 2013ರಲ್ಲಿ ಅವನ ಇನ್ನೂರನೇ ಹುಟ್ಟುಹಬ್ಬದ ಹೊತ್ತಿಗೆ ಕೆಲಸ ಮುಗಿದಿತ್ತು. ಎಸ್‌ಕೆಎಸ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಓದಬಹುದು.

ಇಷ್ಟು ಕಷ್ಟ ಯಾಕೆ ಬೇಕಿತ್ತು ಅಂತ ಕೇಳಬಹುದು. ಅವನು ಸತ್ತ ಮೇಲೆ ಅವನ ಕಾಗದಗಳ ಗತಿ ನೋಡಿದರೆ ಅರ್ಥವಾಗುತ್ತದೆ. ಅವನ್ನು ಮೊದಲು ಅಚ್ಚಿಗೆ ಸಿದ್ಧ ಮಾಡಿದ ಬಾರ್ಫೋದ್ ಎಂಬ ಸಂಪಾದಕರು ಹಸ್ತಪ್ರತಿಗಳ ಮೇಲೇ ಗೆರೆ ಎಳೆದು, ಕತ್ತರಿಸಿ, ಅಂಟಿಸಿ ಕೆಲಸ ಮಾಡಿದರು. ಕೆಲವು ಹಾಳೆಗಳು ಅಚ್ಚಿನಲ್ಲಿ ಮಾತ್ರ ಉಳಿದಿವೆ, ಮೂಲ ಹೋಯಿತು. 1909ರಿಂದ ಬಂದ ಮುಂದಿನ ಆವೃತ್ತಿ ಕಾಗದಗಳನ್ನು ಡೈರಿ, ಕರಡು, ಓದಿನ ಟಿಪ್ಪಣಿ ಅಂತ ಮೂರು ಗುಂಪಾಗಿ ವಿಂಗಡಿಸಿತು. ಅನುಕೂಲವೇನೋ ಆಯಿತು. ಆದರೆ ಒಂದೇ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಇದ್ದದ್ದು ಬೇರೆ ಬೇರೆ ಸಂಪುಟಕ್ಕೆ ಹೋಯಿತು. ಕೋಪನ್‌ಹೇಗನ್ನಿನವರು ಮತ್ತೆ ನೋಟ್‌ಬುಕ್ಕಿಗೆ ಮರಳಿದರು.

ನಮ್ಮ ಪುಟಕ್ಕೆ ಇವರು ಕೇಳುವ ಪ್ರಶ್ನೆ: ಇದು ಯಾವಾಗ, ಯಾವುದರ ಪಕ್ಕ ಬರೆದದ್ದು? ಉತ್ತರ ಸಿಗುವುದು ಜೆಜೆ ಎಂದು ಅವನೇ ಗುರುತು ಹಾಕಿದ ಡೈರಿಯಲ್ಲಿ. 1843ರ ಒಂದು ಬರಹದಲ್ಲಿ ಇದೇ ಅಬ್ರಹಾಮ, ಇದೇ ಕಾಡು ನೋಟ, ಇದೇ ತಾಯಿ ಇದ್ದಾರೆ. ಜೊತೆಗೊಂದು ಮಾತು: ಈ ಒಗಟನ್ನು ಬಿಡಿಸಿದವನು ನನ್ನ ಬದುಕನ್ನೇ ಬಿಡಿಸಿದಂತೆ. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಸಾಲು: ನನಗೆ ನಂಬಿಕೆ ಇದ್ದಿದ್ದರೆ ರೆಗೀನಳ ಜೊತೆಯಲ್ಲೇ ಉಳಿಯುತ್ತಿದ್ದೆ. ಇವೆರಡನ್ನೂ ಓದಿದ ಮೇಲೆ ಆ ಕಪ್ಪು ಬಳಿದುಕೊಂಡ ತಾಯಿಯಲ್ಲಿ, ಹುಡುಗಿ ತನ್ನನ್ನು ಮರೆಯಲಿ ಎಂದು ನೀಚನ ವೇಷ ಹಾಕಿದ ಪ್ರೇಮಿ ಕಾಣದೇ ಇರುವುದು ಕಷ್ಟ.

ಇಲ್ಲೇ ಎಚ್ಚರ ಬೇಕು. ಕಾಗದ ತೋರಿಸುವುದು ಒಂದು, ಬದುಕಿನ ಕಥೆಯಿಂದ ಪುಸ್ತಕವನ್ನು ಮುಗಿಸಿಬಿಡುವುದು ಇನ್ನೊಂದು. ಕೋಪನ್‌ಹೇಗನ್ನಿನವರ ವಿವರಣೆ ಸಂಪುಟಗಳು ಮೊದಲನೆಯದನ್ನು ಮಾಡಿ ನಿಲ್ಲುತ್ತವೆ. ಎರಡನೆಯದನ್ನು ಮಾಡುವುದು ಆತುರದ ಓದುಗರು. ರೆಗೀನಳ ಕಥೆ ಗೊತ್ತಾದ ಕೂಡಲೇ ಅಬ್ರಹಾಮ, ಇಸಾಕ, ಮೊರೀಯ ಎಲ್ಲ ಬರೀ ವೇಷಭೂಷಣ ಆಗಿಬಿಟ್ಟರೆ ಪುಸ್ತಕ ಓದಿ ಏನು ಬಂತು?

ಈ ದಾರಿ ಯಾರಿಗೆ ಸರಿ? ಪಿಎಚ್‌ಡಿ ಅಥವಾ ಗಂಭೀರ ಪ್ರಬಂಧ ಬರೆಯುವವರಿಗೆ ಬೇರೆ ದಾರಿಯೇ ಇಲ್ಲ. ಎಸ್‌ಕೆಎಸ್ ಪುಟಸಂಖ್ಯೆ ಇಲ್ಲದ ಲೇಖನವನ್ನು ಈಗ ದೊಡ್ಡ ಪತ್ರಿಕೆಗಳು ಸುಲಭಕ್ಕೆ ಒಪ್ಪುವುದಿಲ್ಲ. ಕೇಂದ್ರದ 'ಕೀರ್ಕೆಗಾರ್ಡ್ ಸ್ಟಡೀಸ್ ಇಯರ್‌ಬುಕ್' 1996ರಿಂದ ಬರುತ್ತಿದೆ. ಕಷ್ಟ ಏನಪ್ಪಾ ಅಂದರೆ ಡ್ಯಾನಿಶ್ ಕಲಿಯಬೇಕು. ಅದೂ 1948ರ ಕಾಗುಣಿತ ಸುಧಾರಣೆಗೆ ಮುಂಚಿನ ಡ್ಯಾನಿಶ್; ನಾಮಪದಗಳೆಲ್ಲ ದೊಡ್ಡಕ್ಷರದಲ್ಲಿ ಶುರುವಾಗುತ್ತವೆ. ಜರ್ಮನ್ ಬರುವವರಿಗೆ ಬೇಗ ಹಿಡಿತ ಸಿಗುತ್ತದೆ. ಹೆದರಬೇಡಿ. ಅಮೆರಿಕದ ಪಾದ್ರಿ ವಾಲ್ಟರ್ ಲೌರಿ ಡ್ಯಾನಿಶ್‌ಗೆ ಕೈಹಾಕಿದ್ದು ನಿವೃತ್ತಿಯಾದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ. ಆಮೇಲೆ ಕೀರ್ಕೆಗಾರ್ಡ್‌ನ ಹತ್ತಾರು ಪುಸ್ತಕಗಳನ್ನು ಇಂಗ್ಲಿಷಿಗೆ ತಂದರು.

ನಾರ್ತ್‌ಫೀಲ್ಡ್: ಗಂಡ ಹೆಂಡತಿ ಕಟ್ಟಿದ ಮನೆ

ಮಿನ್ನೆಸೋಟದ ನಾರ್ತ್‌ಫೀಲ್ಡ್ ಒಂದು ಚಿಕ್ಕ ಊರು. ಅಲ್ಲಿನ ಸೇಂಟ್ ಓಲಾಫ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹೋವರ್ಡ್ ಹಾಂಗ್ ಮತ್ತು ಅವರ ಹೆಂಡತಿ ಎಡ್ನಾ ಹಾಂಗ್ ಸೇರಿ ಮಾಡಿದ ಕೆಲಸಕ್ಕೆ ಸಾಟಿ ಇಲ್ಲ. ಮೊದಲು ಡೈರಿಗಳು: ಏಳು ಸಂಪುಟ, 1967ರಿಂದ 1978. ಅದರ ಮೊದಲ ಸಂಪುಟಕ್ಕೆ 1968ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಅನುವಾದ ವಿಭಾಗದಲ್ಲಿ ಸಿಕ್ಕಿತು. ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಪ್ರೆಸ್ಸಿಗೆ 'ಕೀರ್ಕೆಗಾರ್ಡ್ಸ್ ರೈಟಿಂಗ್ಸ್' ಮಾಲೆ: 26 ಸಂಪುಟ, 1978ರಿಂದ 2000. ಎಲ್ಲವನ್ನೂ ಅವರಿಬ್ಬರೇ ಅನುವಾದಿಸಲಿಲ್ಲ, ಆದರೆ ಹೆಚ್ಚಿನದು ಅವರದೇ. ತಾವು ಕೂಡಿಟ್ಟ ಪುಸ್ತಕಗಳನ್ನು 1976ರಲ್ಲಿ ಕಾಲೇಜಿಗೇ ಕೊಟ್ಟರು. ಅದೇ ಇವತ್ತಿನ ಹಾಂಗ್ ಕೀರ್ಕೆಗಾರ್ಡ್ ಲೈಬ್ರರಿ.

ಈ ಲೈಬ್ರರಿಯ ಒಂದು ವಿಶೇಷ ನನಗೆ ಬಹಳ ಇಷ್ಟ. ಕೀರ್ಕೆಗಾರ್ಡ್ ಸತ್ತ ಮರುವರ್ಷ, 1856ರಲ್ಲಿ, ಅವನ ಮನೆಯ ಪುಸ್ತಕಗಳು ಹರಾಜಾದವು. ಹರಾಜಿನ ಪಟ್ಟಿ ಉಳಿದಿದೆ. ಆ ಪಟ್ಟಿ ಹಿಡಿದು, ಅವನ ಹತ್ತಿರ ಯಾವ ಮುದ್ರಣ ಇತ್ತೋ ಅದೇ ಮುದ್ರಣದ ಪ್ರತಿಗಳನ್ನು ಹುಡುಕಿ ಇಲ್ಲಿ ಸೇರಿಸಿದ್ದಾರೆ. ಜರ್ಮನ್ ತತ್ವಜ್ಞಾನಿ ಹೆಗೆಲ್‌ನ ಯಾವ ಮುದ್ರಣ ಓದಿದ, ಯಾವ ಬೈಬಲ್ ಇಟ್ಟುಕೊಂಡಿದ್ದ ಅಂತ ಕೈಯಲ್ಲಿ ಹಿಡಿದು ನೋಡಬಹುದು. ಬೇಸಿಗೆಯಲ್ಲಿ ಹೊರದೇಶದ ಸಂಶೋಧಕರು ಬಂದು ಉಳಿದು ಕೆಲಸ ಮಾಡಲು ಫೆಲೋಶಿಪ್ ವ್ಯವಸ್ಥೆ ಇದೆ. ಮಿನಿಯಾಪೊಲಿಸ್ ಸುತ್ತಮುತ್ತ ಇರುವ ಕನ್ನಡಿಗರಿಗಂತೂ ಕಾರಿನಲ್ಲಿ ಒಂದು ಗಂಟೆಯ ದಾರಿ.

ಹಾಲು ಬಿಡಿಸುವ ಪುಟಕ್ಕೆ ಇವರ ಪ್ರಶ್ನೆ: ಇದನ್ನು ಓದುವವನಿಗೆ ಏನು ಆಗಬೇಕು? ಓದುಗನನ್ನು ಅವನ ಪಾಡಿಗೆ ನಿಲ್ಲಿಸುವುದು, ಒಬ್ಬಂಟಿಯಾಗಿ ಯೋಚಿಸುವಂತೆ ಮಾಡುವುದು ಕೀರ್ಕೆಗಾರ್ಡ್‌ನ ಉದ್ದೇಶ ಎಂದು ಇವರು ನಂಬುತ್ತಾರೆ. ಧರ್ಮದ ಕಾಳಜಿಯನ್ನು ಬದಿಗೆ ಸರಿಸುವುದಿಲ್ಲ. ಹಾಂಗ್ ಸಂಪುಟದಲ್ಲಿ 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' ಒಂದೇ ಇಲ್ಲ, ಅದೇ ದಿನ ಅಚ್ಚಾದ 'ರಿಪಿಟಿಷನ್' ಕೂಡ ಒಂದೇ ರಟ್ಟಿನೊಳಗಿದೆ. ಹಿಂದಿನ ಪುಟಗಳಲ್ಲಿ ಡೈರಿಯ ಸಂಬಂಧಪಟ್ಟ ಭಾಗಗಳು, ಕರಡಿನಲ್ಲಿ ಹೊಡೆದುಹಾಕಿದ ಸಾಲುಗಳು. ಜೆಜೆ ಡೈರಿಯ ಆ ಒಗಟಿನ ಮಾತನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಪುಸ್ತಕದ ಹಿಂಭಾಗ ತಿರುಗಿಸಿದರೆ ಸಾಕು. ದೂರದ ಊರಿನಲ್ಲಿ ಒಬ್ಬರೇ ಕೂತು ಓದುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ದೂರು ಏನು? ಇಂಗ್ಲಿಷ್ ಒಣಗಿದೆ. ಮೂಲದ ಒಂದು ಪದಕ್ಕೆ ಎಲ್ಲ ಕಡೆ ಅದೇ ಇಂಗ್ಲಿಷ್ ಪದ ಇಡಬೇಕೆಂಬ ಶಿಸ್ತು ಪಾಠ ಮಾಡುವವರಿಗೆ ಅನುಕೂಲ, ಆದರೆ ಕೀರ್ಕೆಗಾರ್ಡ್‌ನ ತುಂಟತನ ಅಲ್ಲಿ ಸೋರಿಹೋಗುತ್ತದೆ. ಅವನು ನಗಿಸುವ ಲೇಖಕ ಅಂತ ಹಾಂಗ್ ಸಂಪುಟ ಓದಿದವರಿಗೆ ಹೇಳಿದರೆ ನಂಬುವುದಿಲ್ಲ.

ಸಾಹಿತ್ಯದ ಕಡೆಯವರು

ಇವರ ಪ್ರಶ್ನೆ ಒಂದೇ: ಮಾತಾಡುತ್ತಿರುವುದು ಯಾರು?

ಪ್ರಶ್ನೆ ನ್ಯಾಯವಾದದ್ದು. 1846ರ 'ಕನ್‌ಕ್ಲೂಡಿಂಗ್ ಅನ್‌ಸೈಂಟಿಫಿಕ್ ಪೋಸ್ಟ್‌ಸ್ಕ್ರಿಪ್ಟ್' ಕೊನೆಯಲ್ಲಿ ಕೀರ್ಕೆಗಾರ್ಡ್ ಆ ಕಲ್ಪಿತ ಲೇಖಕರೆಲ್ಲ ತನ್ನ ಸೃಷ್ಟಿಯೇ ಎಂದು ಒಪ್ಪಿಕೊಂಡ. ಜೊತೆಗೊಂದು ಕೋರಿಕೆ ಇಟ್ಟ: ಆ ಪುಸ್ತಕಗಳ ಸಾಲು ಎತ್ತಿ ಹೇಳುವವರು ದಯವಿಟ್ಟು ಆಯಾ ಲೇಖಕನ ಹೆಸರನ್ನೇ ಹೇಳಿ, ನನ್ನ ಹೆಸರನ್ನಲ್ಲ. ಬಹಳ ಕಾಲ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಲೂಯಿಸ್ ಮ್ಯಾಕಿ 1971ರಲ್ಲಿ ಅವನು ಒಂದು ಬಗೆಯ ಕವಿ ಎಂದು ವಾದಿಸಿ ಪುಸ್ತಕ ಬರೆದರು. ರೋಜರ್ ಪೂಲ್ 1993ರಲ್ಲಿ ಇನ್ನೂ ಮುಂದೆ ಹೋದರು. ವೇಷಗಳನ್ನು ಕಡೆಗಣಿಸಿ ಸಿದ್ಧಾಂತ ಮಾತ್ರ ಹೆಕ್ಕುವ ಓದನ್ನು ಮೊಂಡು ಓದು ಎಂದು ಕರೆದು ತರಾಟೆಗೆ ತೆಗೆದುಕೊಂಡರು.

ಆ ತಾಯಿಯ ಪುಟದ ಬಗ್ಗೆ ಇವರು ಹೇಳುವುದು ಕೇಳುವ ಹಾಗಿದೆ. ನಾಲ್ಕೂ ಕಥೆಗಳಲ್ಲಿ ಬರುವ ಅಬ್ರಹಾಮ ಬೈಬಲಿನ ಅಬ್ರಹಾಮ ಅಲ್ಲ. ಒಬ್ಬ ಸುಳ್ಳು ಹೇಳುತ್ತಾನೆ, ಒಬ್ಬ ಸಂತೋಷ ಕಳೆದುಕೊಳ್ಳುತ್ತಾನೆ, ಒಬ್ಬ ತನ್ನನ್ನು ಪಾಪಿ ಅಂದುಕೊಳ್ಳುತ್ತಾನೆ, ಒಬ್ಬನ ಕೈ ಹತಾಶೆಯಿಂದ ಬಿಗಿಯಾದದ್ದು ಮಗನ ಕಣ್ಣಿಗೆ ಬಿದ್ದು ಇಸಾಕನ ನಂಬಿಕೆಯೇ ಹೋಗುತ್ತದೆ. ಅಂದರೆ ಮೌನದ ಯೋಹಾನ ಅಬ್ರಹಾಮನನ್ನು ಹಿಡಿಯಲು ನಾಲ್ಕು ಸಲ ಹೋಗಿ ನಾಲ್ಕು ಸಲವೂ ಸೋತ. ತಾನು ಸೋತೆ ಎಂದು ತೋರಿಸುವುದೇ ಅವನ ಕೆಲಸ. ಪುಸ್ತಕದ ಮೊದಲಲ್ಲಿ ಇಟ್ಟಿರುವ, ಜರ್ಮನ್ ಚಿಂತಕ ಹಾಮಾನ್‌ನ ಸಾಲು ನೋಡಿ. ರೋಮಿನ ರಾಜ ತಾರ್ಕ್ವಿನಿಯಸ್‌ನ ಹತ್ತಿರ ಮಗ ಒಬ್ಬ ದೂತನನ್ನು ಕಳಿಸುತ್ತಾನೆ. ರಾಜ ಏನೂ ಹೇಳದೆ ತೋಟದಲ್ಲಿ ಎತ್ತರದ ಗಸಗಸೆ ಗಿಡಗಳ ತಲೆ ಹೊಡೆಯುತ್ತಾ ಹೋಗುತ್ತಾನೆ. ದೂತನಿಗೆ ಅರ್ಥವಾಗಲಿಲ್ಲ. ಊರಿನ ಪ್ರಮುಖರನ್ನು ಮುಗಿಸು ಅಂತ ಮಗನಿಗೆ ಅರ್ಥವಾಯಿತು. ಹಾಗಾದರೆ ಈ ಪುಸ್ತಕದಲ್ಲಿ ದೂತ ಯಾರು, ಮಗ ಯಾರು? ಯೋಹಾನನೇ ಅರ್ಥವಾಗದ ದೂತ ಇರಬಹುದಲ್ವಾ?

ಓದುವುದಕ್ಕೆ ಇವರಷ್ಟು ಖುಷಿ ಕೊಡುವವರು ಇಲ್ಲ. ಆದರೆ ನನ್ನ ತಕರಾರು ಇದೆ. ಎಲ್ಲ ಮಾತೂ ವೇಷದ ಮಾತು ಅಂದಮೇಲೆ 'ವರ್ಕ್ಸ್ ಆಫ್ ಲವ್' ಏನು ಮಾಡುವುದು? ಅದನ್ನು 1847ರಲ್ಲಿ ಸ್ವಂತ ಹೆಸರಿನಲ್ಲೇ ಬರೆದ. 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' ಬಂದ ದಿನವೇ ಮೂರು ಪ್ರವಚನಗಳ ಒಂದು ಪುಸ್ತಕವೂ ಅವನ ಹೆಸರಿನಲ್ಲೇ ಬಂತು. ಈ ಪ್ರವಚನಗಳ ಹತ್ತಿರ ಸಾಹಿತ್ಯದ ಕಡೆಯವರು ಸುಳಿಯುವುದೇ ಅಪರೂಪ. ಹಾಗಾಗಿ ಮೊದಲ ವರ್ಷ ಇವರ ಜೊತೆ ಹೋಗಬೇಡಿ. ಕೀರ್ಕೆಗಾರ್ಡ್‌ನ ಎರಡು ಮೂರು ಪುಸ್ತಕ ಮುಗಿಸಿ, ಅವನು ಹೇಳಿದ್ದೆಲ್ಲ ತಿಳಿಯಿತು ಅನ್ನಿಸಿದ ಹೊತ್ತಿಗೆ ಮ್ಯಾಕಿ, ಪೂಲ್ ಓದಿ. ಆಗ ಮಜಾ ಬರುತ್ತದೆ.

ತತ್ವಶಾಸ್ತ್ರದ ಕಡೆಯವರು

ಇವರು ನಮ್ಮ ಪುಟವನ್ನು ಬೇಗ ದಾಟುತ್ತಾರೆ. ಇವರಿಗೆ ಬೇಕಾದದ್ದು ಮುಂದಿನ ಅಧ್ಯಾಯಗಳು. ಅಲ್ಲಿ ಮೂರು ಸಮಸ್ಯೆ ಇವೆ. ದೊಡ್ಡ ಉದ್ದೇಶಕ್ಕಾಗಿ ನೀತಿಯನ್ನು ಸ್ವಲ್ಪ ಹೊತ್ತು ಬದಿಗಿಡಬಹುದೇ? ದೇವರ ಮುಂದೆ ಇರುವ ಕರ್ತವ್ಯ ಉಳಿದೆಲ್ಲ ಕರ್ತವ್ಯಕ್ಕಿಂತ ದೊಡ್ಡದೇ? ಅಬ್ರಹಾಮ ತನ್ನ ಹೆಂಡತಿ ಸಾರಳಿಗೆ, ಆಳಿಗೆ, ಮಗನಿಗೆ ಹೇಳದೇ ಹೊರಟದ್ದು ಸರಿಯೇ?

ಜರ್ಮನ್ ತತ್ವಜ್ಞಾನಿ ಕಾಂಟ್ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದ. 1798ರ ಒಂದು ಬರಹದಲ್ಲಿ, ಅಬ್ರಹಾಮ ಆ ದನಿಗೆ ಹೀಗೆ ಹೇಳಬೇಕಿತ್ತು ಎನ್ನುತ್ತಾನೆ: ಮಗನನ್ನು ಕೊಲ್ಲಬಾರದು ಎನ್ನುವುದು ನನಗೆ ಖಚಿತ, ನೀನು ದೇವರೇ ಎನ್ನುವುದು ಖಚಿತವಿಲ್ಲ. ಯೋಹಾನ ಗ್ರೀಕರ ಅಗಮೆಮ್ನಾನ್, ಬೈಬಲಿನ ಯೆಫ್ತಾಹ, ರೋಮಿನ ಬ್ರೂಟಸ್ (ಸೀಸರನನ್ನು ಕೊಂದವನಲ್ಲ, ಅವನಿಗಿಂತ ಬಹಳ ಹಿಂದಿನವನು) ಮೂವರನ್ನೂ ತಂದು ನಿಲ್ಲಿಸುತ್ತಾನೆ. ಅವರೂ ಮಕ್ಕಳನ್ನು ಕೊಟ್ಟವರೇ. ಆದರೆ ಊರಿಗಾಗಿ, ಮಾತಿಗಾಗಿ, ಕಾನೂನಿಗಾಗಿ ಕೊಟ್ಟರು. ಊರೆಲ್ಲ ಅವರ ಜೊತೆ ಅತ್ತಿತು. ಅಬ್ರಹಾಮನ ಜೊತೆ ಅಳಲು ಯಾರಿಗೂ ಕಾರಣವೇ ಇಲ್ಲ. ಕನ್ನಡದ ಓದುಗರಿಗೆ ಇಲ್ಲಿ ಸಿರಿಯಾಳನ ನೆನಪು ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ವ್ಯತ್ಯಾಸ ನೋಡಿ: ಸಿರಿಯಾಳ ಒಬ್ಬನೇ ಅಲ್ಲ, ಚಂಗಳೆ ಅವನ ಜೊತೆಗಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿದ್ದು ಆದದ್ದು ಅದು. ಸಾರಳಿಗೆ ಮಾತ್ರ ಏನೂ ಗೊತ್ತಿಲ್ಲ. ಮೂರನೆಯ ಸಮಸ್ಯೆ ಹುಟ್ಟುವುದೇ ಅಲ್ಲಿ.

ಈ ಕಡೆಯ ದೊಡ್ಡ ಜಗಳ ಅಲಾಸ್ಡೇರ್ ಮ್ಯಾಕಿಂಟೈರ್ ಎಂಬ ತತ್ವಜ್ಞಾನಿ ಹಚ್ಚಿದ್ದು. ಅವರು 1981ರಲ್ಲಿ, ಕೀರ್ಕೆಗಾರ್ಡ್‌ನ 'ಈದರ್/ಆರ್' ಪುಸ್ತಕದಲ್ಲಿ ಭೋಗದ ಬದುಕು ಮತ್ತು ನೀತಿಯ ಬದುಕಿನ ನಡುವೆ ಆರಿಸಿಕೊಳ್ಳಲು ಯಾವ ಆಧಾರವೂ ಇಲ್ಲ, ಸುಮ್ನೆ ಒಂದನ್ನು ಹಿಡಿಯಬೇಕು ಅಷ್ಟೇ, ಎಂದು ದೂರಿದರು. ಕೀರ್ಕೆಗಾರ್ಡ್ ಓದುವವರು ಸುಮ್ಮನಿರಲಿಲ್ಲ. 2001ರಲ್ಲಿ ಜಾನ್ ಡೇವನ್‌ಪೋರ್ಟ್, ಆಂಟನಿ ರಡ್ ಸಂಪಾದಿಸಿದ ಒಂದು ಸಂಪುಟ ಪೂರ್ತಿ ಈ ದೂರಿಗೆ ಉತ್ತರ. ಮ್ಯಾಕಿಂಟೈರ್ ಅವರೂ ಅದರಲ್ಲೇ ಮರುಉತ್ತರ ಬರೆದಿದ್ದಾರೆ. ವಾದ ಪ್ರತಿವಾದ ಇಷ್ಟ ಇರುವವರಿಗೆ, ತತ್ವಶಾಸ್ತ್ರದಲ್ಲಿ ಎಂಎ ಮಾಡಿದವರಿಗೆ ಇದು ಒಳ್ಳೆಯ ಬಾಗಿಲು. ಜಾನ್ ಲಿಪಿಟ್ 2003ರಲ್ಲಿ ಬರೆದ 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' ಕೈಪಿಡಿ ಇವರಲ್ಲೆಲ್ಲ ಸುಲಭ. ಆತ ಹಾಲು ಬಿಡಿಸುವ ತಾಯಿಯನ್ನೂ ಮರೆಯುವುದಿಲ್ಲ.

ದೇವತಾಶಾಸ್ತ್ರದವರನ್ನು ಬೇರೆ ದಾರಿ ಅಂತ ನಾನು ಎಣಿಸಿಲ್ಲ, ಅವರು ಎಲ್ಲ ಕಡೆಯೂ ಇದ್ದಾರೆ. ಅವರೆಲ್ಲ ಪ್ರೊಟೆಸ್ಟೆಂಟರೇ ಅಂದುಕೊಳ್ಳಬೇಡಿ. ಇಟಲಿಗೆ ಅವನ ಡೈರಿಗಳನ್ನು ತಂದವರು ಕೊರ್ನೆಲಿಯೋ ಫಾಬ್ರೋ ಎಂಬ ಕ್ಯಾಥೊಲಿಕ್ ಪಾದ್ರಿ.

ಕೈಗೆ ಯಾವ ಪುಸ್ತಕ?

ಮೊದಲ ಓದಿಗೆ ಪೆಂಗ್ವಿನ್‌ನಲ್ಲಿ ಬಂದ ಅಲಾಸ್ಟೇರ್ ಹ್ಯಾನೆ ಅನುವಾದ ತೆಗೆದುಕೊಳ್ಳಿ. 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' 1985ರಲ್ಲಿ ಬಂತು, 'ಸಿಕ್ನೆಸ್ ಅಂ‌ಟು ಡೆತ್' 1989ರಲ್ಲಿ. ಇಂಗ್ಲಿಷ್ ಓಡುತ್ತದೆ, ಪುಸ್ತಕ ಸುಲಭವಾಗಿ ಸಿಗುತ್ತದೆ. ಆದರೆ ಅವರ 'ಈದರ್/ಆರ್' ಸಂಕ್ಷಿಪ್ತ, ಅಲ್ಲಿ ಪೂರ್ತಿ ಬೇಕಾದರೆ ಹಾಂಗ್ ಅವರದ್ದೇ ಗತಿ. ಹಳೆ ಪುಸ್ತಕದ ಅಂಗಡಿಯಲ್ಲಿ ಲೌರಿ ಅನುವಾದ ಸಿಕ್ಕರೆ ಬಿಡಬೇಡಿ. ಜೀವ ಇರುವ ಇಂಗ್ಲಿಷ್. ಪ್ರಬಂಧದಲ್ಲಿ ಮಾತ್ರ ಅದನ್ನು ನೆಚ್ಚಿಕೊಳ್ಳಬಾರದು. ಇತ್ತೀಚಿನದು ಬೇಕು ಎನ್ನುವವರಿಗೆ 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್'ಗೆ ಬ್ರೂಸ್ ಕಿರ್ಮ್ಸೆ 2021ರಲ್ಲಿ ಮಾಡಿದ ಅನುವಾದ ಇದೆ.

ಡೈರಿಗಳ ವಿಷಯದಲ್ಲಿ ಆಯ್ಕೆ ನಿಮ್ಮ ಅಭ್ಯಾಸದ ಮೇಲೆ. ಹಾಂಗ್ ಅವರ ಏಳು ಸಂಪುಟ ಬಹುಪಾಲು ವಿಷಯವಾರು, ಅಕಾರಾದಿಯಲ್ಲಿದೆ. ಸಾವು, ಪ್ರಾರ್ಥನೆ, ಲೂಥರ್ ಅಂತ ಹುಡುಕಿ ಓದಬಹುದು. ಕೋಪನ್‌ಹೇಗನ್ ಕೇಂದ್ರದ ಜೊತೆ ಸೇರಿ ಪ್ರಿನ್ಸ್‌ಟನ್ 2007ರಿಂದ 2020ರವರೆಗೆ ತಂದ 11 ಸಂಪುಟಗಳು ನೋಟ್‌ಬುಕ್ ಇದ್ದ ಹಾಗೇ ಇವೆ. ಕೀರ್ಕೆಗಾರ್ಡ್ ಹಾಳೆಯನ್ನು ಎರಡು ಅಂಕಣ ಮಾಡಿ, ಒಳಗಿನದರಲ್ಲಿ ಬರೆದು, ಹೊರಗಿನದನ್ನು ಆಮೇಲಿನ ಯೋಚನೆಗೆ ಖಾಲಿ ಬಿಡುತ್ತಿದ್ದ. ಈ ಆವೃತ್ತಿಯಲ್ಲಿ ಆ ಎರಡು ಅಂಕಣ ಹಾಗೇ ಅಚ್ಚಾಗಿವೆ. ಅವನು ಒಂದು ಮಾತು ಬರೆದು, ಆಮೇಲೆ ಅದನ್ನೇ ಪಕ್ಕದಲ್ಲಿ ಕೆಣಕುವುದು ಕಣ್ಣಿಗೆ ಕಾಣುತ್ತದೆ. ನನ್ನ ಓಟು ಇದಕ್ಕೆ. ಬೆಲೆ ಜಾಸ್ತಿ, ಲೈಬ್ರರಿಯಲ್ಲೇ ನೋಡಬೇಕು.

ಜೀವನಚರಿತ್ರೆ ಬೇಕಾದವರಿಗೆ ಯೋಕಿಮ್ ಗಾರ್ಫ್ ಅವರದ್ದು ದೊಡ್ಡದು, ರಸವತ್ತಾದದ್ದು. ಡ್ಯಾನಿಶ್‌ನಲ್ಲಿ 2000ದಲ್ಲಿ, ಇಂಗ್ಲಿಷಿನಲ್ಲಿ 2005ರಲ್ಲಿ ಬಂತು. ಅದರಲ್ಲಿ ವಿವರಗಳು ತಪ್ಪಾಗಿವೆ ಎಂದು ಪೀಟರ್ ಟುಡ್‌ವಾದ್ ಎಂಬ ಇನ್ನೊಬ್ಬ ಸಂಶೋಧಕರು ಎತ್ತಿದ ತಕರಾರು 2004ರಲ್ಲಿ ಡೆನ್ಮಾರ್ಕಿನ ದಿನಪತ್ರಿಕೆಗಳವರೆಗೆ ಹೋಯಿತು. ಒಬ್ಬ ತತ್ವಜ್ಞಾನಿಯ ಖರ್ಚುವೆಚ್ಚದ ಬಗ್ಗೆ ಪತ್ರಿಕೆಗಳಲ್ಲಿ ವಾಗ್ವಾದ ನಡೆಯುವ ದೇಶ ಅದು. ಕ್ಲೇರ್ ಕಾರ್ಲೈಲ್ 2019ರಲ್ಲಿ ಬರೆದದ್ದು ಚಿಕ್ಕದು, ಮೊದಲ ಓದಿಗೆ ಅದೇ ಸಾಕು.

ಅಂಗಡಿಯಲ್ಲಿ ಅಥವಾ ಲೈಬ್ರರಿಯಲ್ಲಿ ಒಂದು ಅಧ್ಯಯನ ಗ್ರಂಥ ಕೈಗೆ ಬಂತು, ಯಾವ ಕಡೆಯದು ಅಂತ ಹೇಗೆ ತಿಳಿಯುವುದು? ಅಡಿಟಿಪ್ಪಣಿ ನೋಡಿ. ಎಲ್ಲ ಕಡೆ ಎಸ್‌ಕೆಎಸ್ ಇದ್ದರೆ ಕೋಪನ್‌ಹೇಗನ್ ಶಿಸ್ತು. ಪ್ರಿನ್ಸ್‌ಟನ್ ಸಂಪುಟದ ಪುಟಗಳು ಮಾತ್ರ ಇದ್ದರೆ ಇಂಗ್ಲಿಷ್ ಓದಿನ ಪರಂಪರೆ. "ಯೋಹಾನ ಹೇಳುತ್ತಾನೆ", "ಕ್ಲೈಮಾಕಸ್ ಹೇಳುತ್ತಾನೆ" (ಇವನು 'ಪೋಸ್ಟ್‌ಸ್ಕ್ರಿಪ್ಟ್'ನ ಕಲ್ಪಿತ ಲೇಖಕ) ಎಂದು ಎಚ್ಚರದಿಂದ ಬರೆದಿದ್ದರೆ ಸಾಹಿತ್ಯದ ಗಾಳಿ ತಾಗಿದೆ. ಹೆಸರಸೂಚಿಯಲ್ಲಿ ಕಾಂಟ್, ಹೆಗೆಲ್, ಮ್ಯಾಕಿಂಟೈರ್ ತುಂಬಿದ್ದರೆ ನಾಲ್ಕನೆಯವರು. ಹೆಗೆಲ್ ಜೊತೆ ಹೈಬರ್ಗ್, ಮಾರ್ಟೆನ್ಸೆನ್ ಎಂಬ ಡ್ಯಾನಿಶ್ ಹೆಸರುಗಳೂ ಇದ್ದರೆ ಜಾನ್ ಸ್ಟೂವರ್ಟ್ ಓದಿದವರ ಪುಸ್ತಕ ಅದು. ಕೀರ್ಕೆಗಾರ್ಡ್ ಹೊಡೆದದ್ದು ಬಹಳ ಸಲ ಹೆಗೆಲ್‌ಗಲ್ಲ, ಊರಿನ ಹೆಗೆಲ್ ಭಕ್ತರಿಗೆ ಎಂದು ಸ್ಟೂವರ್ಟ್ 2003ರಲ್ಲಿ ವಾದಿಸಿದರು. ಅವರೇ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಕೋರ್ಸೆರಾಗೆ ಒಂದು ವಿಡಿಯೊ ಕೋರ್ಸ್ ಮಾಡಿದ್ದಾರೆ. ಅವನು ಓಡಾಡಿದ ಊರು ಕೇರಿಗಳಲ್ಲೇ ಚಿತ್ರೀಕರಿಸಿದ್ದು.

ಹಾಗಾದರೆ ಒಟ್ಟಿನಲ್ಲಿ? ಸಂಜೆ ಕೆಲಸ ಮುಗಿಸಿ ತಮ್ಮ ಪಾಡಿಗೆ ಓದುವವರು ಹ್ಯಾನೆ ಅನುವಾದದಿಂದ ಶುರುಮಾಡಿ, ತಡವರಿಸಿದ ಕಡೆ ಹಾಂಗ್ ಸಂಪುಟದ ಹಿಂಭಾಗ ನೋಡಿ, ಆಮೇಲೆ 'ವರ್ಕ್ಸ್ ಆಫ್ ಲವ್' ಹಾಂಗ್ ಅನುವಾದದಲ್ಲೇ ಓದಲಿ. ಪ್ರಬಂಧ ಬರೆಯುವವರು ಇವತ್ತೇ ಡ್ಯಾನಿಶ್ ಶುರುಮಾಡಲಿ. ಮತ್ತೆ ಯಾರೇ ಆಗಲಿ, 'ಫಿಯರ್ ಆ್ಯಂಡ್ ಟ್ರೆಂಬ್ಲಿಂಗ್' ಸಾಲನ್ನು ಫೇಸ್‌ಬುಕ್ಕಿಗೆ ಹಾಕುವಾಗ ಕೆಳಗೆ ಯೋಹಾನೆಸ್ ಡೆ ಸಿಲೆನ್ಷಿಯೊ ಅಂತಲೇ ಹಾಕಿ. ಅವನು ಕೇಳಿಕೊಂಡದ್ದು ಅಷ್ಟೇ.